ಹೆಚ್ಚಿಗೆ ಬಂದ ಉಪ್ಪು

ಪುಟಾಣಿಗಳೇ, 10 ಗ್ರಾಂ ಉಪ್ಪಿಗೆ ಮರಳು ಬೆರೆಸಿ, ಮತ್ತೆ ಉಪ್ಪನ್ನಷ್ಟೇ ಬೇರ್ಪಡಿಸುವ ಪ್ರಯೋಗ ನಿಮಗೆ ಗೊತ್ತಲ್ಲ? ನೀರಿನಲ್ಲಿ ಕರಗಿಸಿ, ಸೋಸಿ, ಆ ನೀರನ್ನು ಕಾಯಿಸಿ ಆವಿ ಮಾಡಿದರೆ ಪಿಂಗಾಣಿ ಬಟ್ಟಲಲ್ಲಿ ಉಪ್ಪು ಉಳಿಯುತ್ತದೆ. ಒಂದು ಗುಂಪಿಗೆ 9.2 ಗ್ರಾಂ, ಇನ್ನೊಂದು ಗುಂಪಿಗೆ 10.7 ಗ್ರಾಂ ಸಿಕ್ಕಿತು ಎಂದುಕೊಳ್ಳಿ. ಗೆದ್ದವರು ಯಾರು?

ಯಾರೂ ಅಲ್ಲ! ಉಪ್ಪು ಕಳೆದುಹೋಗಲು ದಾರಿಗಳು ಹಲವು. ಮರಳಿಗೂ ಸೋಸುವ ಕಾಗದಕ್ಕೂ ಉಪ್ಪುನೀರು ಅಂಟಿರುತ್ತದೆ; ಸ್ವಲ್ಪ ಶುದ್ಧ ನೀರು ಹಾಕಿ ಅದನ್ನೂ ತೊಳೆದು ಇಳಿಸಿಕೊಳ್ಳಬೇಕು. ನೀರು ಬತ್ತುತ್ತಾ ಬಂದಾಗ ಉರಿ ಜೋರಾಗಿದ್ದರೆ ಉಪ್ಪು ಚಟಪಟ ಸಿಡಿದು ಹೊರಗೆ ಬೀಳುತ್ತದೆ.

ಹಾಗಾದರೆ ಹೆಚ್ಚಾಗುವುದು ಹೇಗೆ? ಉಪ್ಪು ಪೂರ್ತಿ ಒಣಗಿರುವುದಿಲ್ಲ. ತಕ್ಕಡಿಯಲ್ಲಿ ನೀರೂ ಕುಳಿತಿರುತ್ತದೆ. ಇಲ್ಲವೇ ಕಾಗದ ಹರಿದು ನುಣ್ಣನೆಯ ಮರಳು ನುಸುಳಿರುತ್ತದೆ.

ಸರಿಯಾಗಿ 10 ಗ್ರಾಂ ಬಂದರೆ? ಆಗಲೂ ಎಚ್ಚರ. ಅರ್ಧ ಗ್ರಾಂ ಉಪ್ಪು ಸಿಡಿದುಹೋಗಿ, ಅರ್ಧ ಗ್ರಾಂ ನೀರು ಉಳಿದಿದ್ದರೂ ತಕ್ಕಡಿ 10 ಎಂದೇ ತೋರಿಸುತ್ತದೆ. ಎರಡು ತಪ್ಪು ಸೇರಿ ಒಂದು ಸರಿಯಂತೆ ಕಾಣುತ್ತದೆ! ಅದಕ್ಕೇ ಒಣಗಿಸಿ, ತಣಿಸಿ, ತೂಗಿ. ಮತ್ತೆ ಕಾಯಿಸಿ, ತಣಿಸಿ, ತೂಗಿ. ತೂಕ ಬದಲಾಗದಿದ್ದರೆ ನೀರು ಹೋಗಿದೆ ಎಂದರ್ಥ. ಬಿಸಿ ಬಟ್ಟಲನ್ನು ಮಾತ್ರ ತೂಗಬೇಡಿ; ಸುತ್ತಲಿನ ಗಾಳಿ ಕಾದು ಮೇಲೇರುವುದರಿಂದ ತೂಕ ಕಡಿಮೆ ತೋರುತ್ತದೆ.

ಬಂದ ಅಂಕಿಯನ್ನು ತಿದ್ದಿ 10 ಎಂದು ಬರೆಯುವ ಆಸೆಯಾಗುತ್ತದೆಯೇ? ಇಂಗ್ಲೆಂಡಿನ ಲಾರ್ಡ್ ರ‍್ಯಾಲಿ ಗಾಳಿಯಿಂದ ಆಮ್ಲಜನಕ ಮೊದಲಾದವನ್ನೆಲ್ಲ ತೆಗೆದು ಸಾರಜನಕ ಪಡೆದರು. ಅದನ್ನು ಗಾಜಿನ ಬುರುಡೆಯಲ್ಲಿ ತುಂಬಿ ತೂಗಿದಾಗ ಸುಮಾರು 2.31 ಗ್ರಾಂ ಬಂತು. ಅದೇ ಬುರುಡೆಗೆ, ರಾಸಾಯನಿಕಗಳಿಂದ ತಯಾರಿಸಿದ ಸಾರಜನಕ ತುಂಬಿದಾಗ ಸುಮಾರು 2.30 ಗ್ರಾಂ. ಇಷ್ಟೇ ಇಷ್ಟು ವ್ಯತ್ಯಾಸ! ಅವರು ಅದನ್ನು ಅಳಿಸಿಹಾಕಲಿಲ್ಲ. ಮತ್ತೆ ಮತ್ತೆ ತೂಗಿದರು. ಗಾಳಿಯಿಂದ ಪಡೆದ ‘ಶುದ್ಧ’ ಸಾರಜನಕದಲ್ಲಿ ಇನ್ನೊಂದು ಅನಿಲ ಅಡಗಿತ್ತು. 1894ರಲ್ಲಿ ಅವರೂ ವಿಲಿಯಂ ರಾಮ್ಸೆಯವರೂ ಅದನ್ನು ಲೋಕಕ್ಕೆ ತಿಳಿಸಿದರು. ಅದೇ ಆರ್ಗಾನ್. ಆದ್ದರಿಂದ ಬಂದದ್ದನ್ನೇ ಬರೆಯಿರಿ. ಪಕ್ಕದಲ್ಲಿ ‘ಏಕೆ ಹೀಗಾಯಿತು?’ ಎಂದೂ ಬರೆಯಿರಿ.

ಅಜ್ಜಿಯರೇ, ಮುಂದಿನ ಸಲ ಬೆಣ್ಣೆ ಕಾಯಿಸುವಾಗ ಮೊಮ್ಮಕ್ಕಳ ಕೈಗೆ ತಕ್ಕಡಿ ಕೊಡಿ. ಮೊದಲು ಬೆಣ್ಣೆ, ಆಮೇಲೆ ತಣಿದ ತುಪ್ಪ, ತಳದ ಗಸಿ, ಎಲ್ಲವನ್ನೂ ತೂಗಲಿ. ತುಪ್ಪ, ಗಸಿ ಎರಡನ್ನೂ ಕೂಡಿಸಿದರೂ ಬೆಣ್ಣೆಯಷ್ಟಾಗುವುದಿಲ್ಲ. ಉಳಿದದ್ದು ಎಲ್ಲಿ ಹೋಯಿತು? ಮಕ್ಕಳೇ ಹೇಳಲಿ!