ಗುಂಪಿನಲ್ಲಿ ಅತ್ತರೆ ಮಾನ ಹೋದೀತೇ?

"ಹತ್ತು ಜನರ ಮುಂದೆ ಮನೆ ಗುಟ್ಟು ಹೇಳಿಕೊಳ್ತೀಯಾ? ಮಾನ ಮರ್ಯಾದೆ ಬೇಡವೇನೋ?" ಮೈಸೂರಿನಿಂದ ಅಣ್ಣ ಫೋನಿನಲ್ಲಿ ಗದರಿದ. ನಾನು ಗ್ರೂಪ್ ಥೆರಪಿಗೆ, ಅಂದರೆ ಗುಂಪು ಚಿಕಿತ್ಸೆಗೆ, ಹೋಗುತ್ತಿದ್ದೇನೆ ಎಂದದ್ದೇ ತಪ್ಪಾಯಿತು. ಊರಿನಲ್ಲಿ ಅಣ್ಣನ ಮಾತಿಗೆ ತಲೆದೂಗುವವರೇ ಹೆಚ್ಚು. ನನ್ನ ಜಗಳ ಅವರ ಜೊತೆಗೇ.

ನಿವೃತ್ತಿಯಾದ ಮೇಲೆ ಮಗನ ಜೊತೆ ಇರಲು ನೋಯ್ಡಾಕ್ಕೆ ಬಂದೆವು. ಎರಡನೇ ವರ್ಷ ಹೆಂಡತಿ ತೀರಿಕೊಂಡಳು. ಹದಿನಾಲ್ಕನೇ ಮಹಡಿ, ಮಗ, ಸೊಸೆ ಆಫೀಸಿಗೆ ಹೋದರೆ ಮಾತಿಗೆ ಗೋಡೆಯೇ ಗತಿ. ನಿದ್ದೆ ಹೋಯಿತು, ಊಟ ಸೇರದಾಯಿತು. ಡಾಕ್ಟರು ಖಿನ್ನತೆ ಎಂದರು, ಮಾತ್ರೆ ಕೊಟ್ಟರು, ಗುಂಪಿಗೂ ಸೇರಿಸಿದರು. ಎಂಟು ಜನ, ವಾರಕ್ಕೊಮ್ಮೆ ಒಂದೂವರೆ ಗಂಟೆ, ನಡೆಸಲು ತರಬೇತಿ ಪಡೆದ ಮನಶ್ಶಾಸ್ತ್ರಜ್ಞೆ. ಒಳಗಿನ ಮಾತು ಹೊರಗೆ ಹೋಗಬಾರದು ಎನ್ನುವುದೇ ಮೊದಲ ನಿಯಮ. ನಮ್ಮ ಮದುವೆ ಮನೆ ಪಂಕ್ತಿಯಲ್ಲಿ ಇಂಥ ನಿಯಮ ಉಂಟೇ ಸ್ವಾಮಿ?

ಹಾಗಾಗಿ ಉಳಿದವರ ಮಾತು ಬರೆಯಲಾರೆ, ನನ್ನದಷ್ಟೇ ಹೇಳುತ್ತೇನೆ. ಮೂರು ವಾರ ಬಾಯಿ ಬಿಡಲಿಲ್ಲ. ನಾಲ್ಕನೇ ವಾರ, ಅವಳ ಚಪ್ಪಲಿ ಇನ್ನೂ ಬಾಗಿಲಲ್ಲೇ ಇಟ್ಟಿದ್ದೇನೆ ಅಂದೆ. ಯಾರೂ ನಗಲಿಲ್ಲ, ಬುದ್ಧಿ ಹೇಳಲಿಲ್ಲ. ಅವತ್ತು ರಾತ್ರಿ ನಿದ್ದೆ ಬಂತು.

ಇದು ಶ್ರೀಮಂತರ ಹೊಸ ಶೋಕಿ ಅಂತೀರಾ? 1905ರಲ್ಲಿ ಬಾಸ್ಟನ್ನಿನ ಡಾ. ಜೋಸೆಫ್ ಪ್ರಾಟ್ ಮೊದಲು ಗುಂಪಾಗಿ ಕೂರಿಸಿದ್ದು ಬಡ ಕ್ಷಯರೋಗಿಗಳನ್ನು. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಮನೋರೋಗಿಗಳ ಮನೆಯವರನ್ನೂ ಆಸ್ಪತ್ರೆಯ ಅಂಗಳದ ಡೇರೆಗಳಲ್ಲಿ ಇರಿಸಿಕೊಂಡು ಚಿಕಿತ್ಸೆಯಲ್ಲಿ ಸೇರಿಸಿಕೊಂಡರು. ದೇಹದ ಕಾಯಿಲೆಯಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದು 2017ರ ಕಾಯ್ದೆಯೇ ಹೇಳುತ್ತದೆ. ಕಾನೂನಿಗಿಲ್ಲದ ನಾಚಿಕೆ ನಮಗೇಕೆ?

"ಭಜನೆ ಸಾಲದೇ?" ಅನ್ನುವವರಿದ್ದಾರೆ. ಭಜನೆಗೂ ಹೋಗುತ್ತೇನೆ, ಮನಸ್ಸಿಗೆ ಹಿತ. ಆದರೆ ಅಲ್ಲಿ ನನ್ನ ಸಂಕಟ ಯಾರೂ ಕೇಳುವುದಿಲ್ಲ. ಗುಂಪೇ ಸರ್ವರೋಗಕ್ಕೆ ಮದ್ದು ಅಂತಲೂ ನಾನನ್ನುವುದಿಲ್ಲ. ಮಾತ್ರೆ ಬೇಕಾದವರಿಗೆ ಮಾತ್ರೆ ಬೇಕೇ ಬೇಕು.

ನನಗಿರುವ ಕೊರಗು ಒಂದೇ. ಬ್ಯಾಂಕಿನಲ್ಲಿ ಕಲಿತ ನನ್ನ ಹಿಂದಿ ಸುತ್ತೋಲೆಗೆ ಸಾಕು, ಅಳುವುದಕ್ಕೆ ಸಾಲದು. ರಾಮಕೃಷ್ಣಪುರದ ದೆಹಲಿ ಕರ್ನಾಟಕ ಸಂಘದಲ್ಲಿ ಕನ್ನಡಿಗರು ಸೇರಿದಾಗ ಎಲ್ಲರೂ "ಚೆನ್ನಾಗಿದ್ದೀನಿ" ಅನ್ನುವವರೇ. ಎಷ್ಟು ಜನ ನಿಜ ಹೇಳುತ್ತೇವೆ? ಹೊರನಾಡಿನ ಕನ್ನಡ ಸಂಘಗಳೆಲ್ಲ ನಾಟಕ, ಸನ್ಮಾನಗಳ ಜೊತೆಗೆ ವಾರಕ್ಕೊಂದು ಸಂಜೆ ಒಂದು ಕೋಣೆ, ಕನ್ನಡ ಬಲ್ಲ ಒಬ್ಬ ತಜ್ಞರನ್ನು ಒದಗಿಸಲಿ. ಊರಲ್ಲಿರುವ ನೀವು ಏನೂ ಕೊಡಬೇಕಾಗಿಲ್ಲ. ಫೋನಿನಲ್ಲಿ ಗದರುವುದನ್ನು ಬಿಟ್ಟರೆ ಸಾಕು.