ತುಂಬದ ಗುಂಡಿಯ ಲೆಕ್ಕ

ಕರ್ನಾಟಕದ ನೀರಿನ ಚರಿತ್ರೆಯಲ್ಲಿ 1974 ಗುರುತು ಹಾಕಿಕೊಳ್ಳಬೇಕಾದ ವರ್ಷ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟೆಯ ಕೆಲಸ ಮುಗಿದದ್ದು ಆ ವರ್ಷ. ಕಾವೇರಿ ಮೊದಲ ಹಂತದ ನೀರು ಬೆಂಗಳೂರಿನ ನಲ್ಲಿಗೆ ಬಂದದ್ದೂ ಆ ವರ್ಷವೇ. ಸಂಸತ್ತು ಜಲಮಾಲಿನ್ಯ ತಡೆ ಕಾಯ್ದೆ ಮಾಡಿತು, ಸೆಪ್ಟೆಂಬರ್‌ನಲ್ಲಿ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿತು. ಆಗ ಮುಖ್ಯಮಂತ್ರಿಯಾಗಿದ್ದವರು ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ದೇವರಾಜ ಅರಸು. ನೀರನ್ನು ಕೂಡಿಡುವುದು, ಹಂಚುವುದು, ಕಾಯುವುದು ಈ ಮೂರು ಕೆಲಸಗಳೂ ಹೀಗೆ ಒಂದೇ ವರ್ಷ ಒಂದೊಂದು ಮೆಟ್ಟಿಲು ಏರಿದವು. ಐವತ್ತು ವರ್ಷ ದಾಟಿದ ಮೇಲೆ ತಿರುಗಿ ನೋಡಿದರೆ ಮೊದಲೆರಡು ಕೆಲಸಗಳು ಬೆಳೆದು ಹೆಮ್ಮರವಾಗಿವೆ. ಮೂರನೆಯದು ಮಾತ್ರ ಇನ್ನೂ ನಮ್ಮ ಹಿತ್ತಿಲಿನವರೆಗೆ ಬಂದಿಲ್ಲ.

ಹಿತ್ತಿಲು ಎಂದದ್ದು ಅಲ್ಲಿರುವ ಶೌಚದ ಗುಂಡಿಯ ಕಾರಣಕ್ಕೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೇರಿದ ನಮ್ಮ ಹುಣಸೂರು ಉಪವಿಭಾಗಕ್ಕೆ ಈಗ ಸರಗೂರು, ಸಾಲಿಗ್ರಾಮ ಎಂಬ ಹೊಸ ತಾಲ್ಲೂಕುಗಳೂ ಕೂಡಿವೆ. ಇದು ಬರೀ ಹೊಗೆಸೊಪ್ಪು, ಭತ್ತ, ಕಾಡಂಚಿನ ನಾಡಲ್ಲ. ಲಕ್ಷಾಂತರ ಜನ ಕುಡಿಯುವ ನೀರಿನ ಮೇಲ್ದಂಡೆ. ಕೊಡಗಿನ ಇರ್ಪಿನಿಂದ ಇಳಿದ ಲಕ್ಷ್ಮಣತೀರ್ಥ ಹನಗೋಡು, ಹುಣಸೂರು ದಾಟಿ ಕನ್ನಂಬಾಡಿಯ ಹಿನ್ನೀರು ಸೇರುತ್ತದೆ. ಕಾವೇರಿ ಪಿರಿಯಾಪಟ್ಟಣದ ಅಂಚು ಸವರಿ, ಚುಂಚನಕಟ್ಟೆಯಲ್ಲಿ ಧುಮುಕಿ ಅಲ್ಲಿಗೇ ಬರುತ್ತದೆ. ಕಬಿನಿ ಹೆಗ್ಗಡದೇವನಕೋಟೆಯ ಕಡೆಯಿಂದ ನಂಜನಗೂಡು ಸುತ್ತಿ ತಿರುಮಕೂಡಲಿನಲ್ಲಿ ಕಾವೇರಿಗೆ ಕೂಡುತ್ತದೆ. ಮೈಸೂರು ಕಾವೇರಿ, ಕಬಿನಿ ಎರಡೂ ಹೊಳೆಗಳ ನೀರು ಕುಡಿಯುತ್ತದೆ. ಬೆಂಗಳೂರು ಸಂಗಮದ ಕೆಳಗೆ ಶಿವನಸಮುದ್ರದ ಹತ್ತಿರ ನೀರೆತ್ತುವುದರಿಂದ ಅದಕ್ಕೂ ಎರಡೂ ಹೊಳೆಗಳ ಪಾಲಿದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತವೊಂದೇ ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ರಾಜಧಾನಿಗೆ ಸಾಗಿಸುವ ಯೋಜನೆ.

ಮೊದಲು ಗಳಿಕೆಯನ್ನು ಹೇಳಿಬಿಡಬೇಕು. 1986ರ ಕೇಂದ್ರದ ಗ್ರಾಮೀಣ ನೈರ್ಮಲ್ಯ ಕಾರ್ಯಕ್ರಮ, 1999ರ ಸಂಪೂರ್ಣ ಸ್ವಚ್ಛತಾ ಆಂದೋಲನ, ಆಮೇಲೆ ನಿರ್ಮಲ ಭಾರತ, 2014ರ ಗಾಂಧಿ ಜಯಂತಿಯಂದು ಶುರುವಾದ ಸ್ವಚ್ಛ ಭಾರತ. ಹೆಸರು ಬದಲಾಗುತ್ತ ಬಂದರೂ ಕೆಲಸ ನಿಲ್ಲಲಿಲ್ಲ. ಶೌಚಾಲಯ ಕಟ್ಟಿಕೊಂಡ ಮನೆಗೆ 12 ಸಾವಿರ ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದ ಮನೆಗಳಿಗೆ ನಮ್ಮ ರಾಜ್ಯದಲ್ಲಿ 15 ಸಾವಿರ ರೂಪಾಯಿ ಸಂದಿತು. ಕತ್ತಲಾಗುವುದನ್ನೇ ಕಾಯುತ್ತಿದ್ದ ಹೆಣ್ಣುಮಕ್ಕಳಿಗೆ ಈ ಹತ್ತು ವರ್ಷಗಳಲ್ಲಿ ಸಿಕ್ಕ ನೆಮ್ಮದಿಗೆ ಬೆಲೆ ಕಟ್ಟಲಾಗದು. ಅದನ್ನು ಹಗುರವಾಗಿ ಕಾಣುವ ಯಾವ ವಿಮರ್ಶೆಯೂ ಪ್ರಾಮಾಣಿಕವಲ್ಲ.

ಆದರೆ ಸರ್ಕಾರ ಎಣಿಸಿದ್ದು ಬಾಗಿಲು, ಬೇಸಿನ್, ಗೋಡೆ. ಫಲಾನುಭವಿ ಬಾಗಿಲ ಪಕ್ಕ ನಿಂತ ಫೋಟೊ ಕಡತಕ್ಕೆ ಸೇರಿತು. ನೆಲದ ಕೆಳಗಿನದು ಗಾರೆಯವನ ತೀರ್ಮಾನಕ್ಕೆ ಬಿಟ್ಟುಹೋಯಿತು. ಯೋಜನೆಯ ಪುಸ್ತಕದಲ್ಲಿದ್ದದ್ದು ಜೋಡಿ ಗುಂಡಿ: ಒಂದು ತುಂಬಿದಾಗ ಕವಲು ಪೆಟ್ಟಿಗೆಯಲ್ಲಿ ದಾರಿ ತಿರುಗಿಸಿ ಇನ್ನೊಂದಕ್ಕೆ ಬಿಡುವುದು, ಮೊದಲನೆಯದು ಎರಡು ವರ್ಷ ಮಾಗಿ ಗೊಬ್ಬರವಾಗುವುದು. ನೆಲದ ಮೇಲೆ ಸಾಮಾನ್ಯವಾಗಿ ಬಂದದ್ದು ಒಂದರ ಮೇಲೊಂದು ಇಳಿಸಿದ ಸಿಮೆಂಟ್ ರಿಂಗುಗಳ ಒಂಟಿ ಆಳಗುಂಡಿ. ತಳಕ್ಕೆ ಕಾಂಕ್ರೀಟಿಲ್ಲ, ಒಳಗೆ ಅಡ್ಡಗೋಡೆಯಿಲ್ಲ, ಹೊರಬರುವ ನೀರಿಗೆ ಬೇರೆ ಇಂಗುಗುಂಡಿಯಿಲ್ಲ. ಇದನ್ನೇ ಊರಿನಲ್ಲಿ ಸೆಪ್ಟಿಕ್ ಟ್ಯಾಂಕ್ ಎನ್ನುತ್ತಾರೆ. ನಿಜವಾದ ಸೆಪ್ಟಿಕ್ ಟ್ಯಾಂಕ್ ನೀರು ಸೋರದ ತೊಟ್ಟಿ. ಗಟ್ಟಿ ತಳಕ್ಕೆ, ಜಿಡ್ಡು ಮೇಲಕ್ಕೆ ಹೋಗಿ ನಡುವಿನ ನೀರು ಮಾತ್ರ ಹೊರಬರಬೇಕು. ಆ ನೀರಿನಲ್ಲೂ ರೋಗಾಣು ತುಂಬಿರುವುದರಿಂದ ಅದು ಮಣ್ಣಿನ ಮೂಲಕ ಸೋಸಿಹೋಗಬೇಕು. ಎರಡು ಮೂರು ವರ್ಷಕ್ಕೊಮ್ಮೆ ತಳದ ಕೆಸರನ್ನು ತೆಗೆಸಲೇಬೇಕು.

ಹಳ್ಳಿಯಲ್ಲಿ ಒಂದು ಹೆಮ್ಮೆಯ ಮಾತು ಕೇಳಿಬರುತ್ತದೆ: 'ನಮ್ಮ ಗುಂಡಿ ಇಪ್ಪತ್ತು ವರ್ಷವಾದರೂ ತುಂಬಿಲ್ಲ.' ತುಂಬಿಲ್ಲ ಎಂದರೆ ಹಾಕಿದ್ದೆಲ್ಲ ಎಲ್ಲೋ ಹೋಗುತ್ತಿದೆ ಎಂದೇ ಅರ್ಥ. ಹೋಗುವುದಕ್ಕೆ ಅಂತರ್ಜಲ ಬಿಟ್ಟರೆ ಬೇರೆ ಜಾಗವಿಲ್ಲ. ಈ ಆಳಗುಂಡಿಯ ಮೋಹಕ್ಕೆ ಖರ್ಚಿನ ಭಯವಷ್ಟೇ ಕಾರಣವಲ್ಲ, ಜಾತಿಯೂ ಕಾರಣ. ಗುಂಡಿಯನ್ನು ತನ್ನ ಕೈಯಿಂದ ಖಾಲಿ ಮಾಡುವುದು 'ನಮ್ಮ ಕೆಲಸವಲ್ಲ' ಎಂಬ ನಂಬಿಕೆಯೇ ಗುಂಡಿಯ ಆಳವನ್ನು ತೀರ್ಮಾನಿಸುತ್ತಿದೆ. ಮಾಗಿದ ಗೊಬ್ಬರ ತೆಗೆಯಲು ಕೂಡ ಹೇಸುವ ಮನೆಗೆ ಜೋಡಿ ಗುಂಡಿಯ ಲೆಕ್ಕ ಹಿಡಿಸದು. ಮಲ ಹೊರುವ ಪದ್ಧತಿಗೆ ಈ ರಾಜ್ಯದಲ್ಲಿ ನಿಷೇಧ ತಂದದ್ದು ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪ. ಆದರೂ 2010ರಲ್ಲಿ ಸವಣೂರಿನ ಪೌರಕಾರ್ಮಿಕರು ಮೈಮೇಲೆ ಮಲ ಸುರಿದುಕೊಂಡು ನಾಡಿನ ಕಣ್ಣು ತೆರೆಸಬೇಕಾಯಿತು. ಮಲ ಹೊರುವುದನ್ನು ನಿಷೇಧಿಸುವ 2013ರ ಕೇಂದ್ರ ಕಾಯ್ದೆ ಬಂತು. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಳಚರಂಡಿ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಗುಂಡಿಯ ಮೇಲೆ ತರುವ ಯಾವ ನಿಯಮವೂ ಮನುಷ್ಯನನ್ನು ಮತ್ತೆ ಅದರೊಳಗೆ ಇಳಿಸುವಂತಿರಬಾರದು.

ನಿಯಮವೇ ಇಲ್ಲವೆಂದಲ್ಲ. ಭಾರತೀಯ ಮಾನಕ ಬ್ಯೂರೋ ಸೆಪ್ಟಿಕ್ ಟ್ಯಾಂಕಿಗೆ ಐಎಸ್ 2470 ಎಂಬ ಸಂಹಿತೆಯನ್ನೇ ಬರೆದಿದೆ. ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ದೂರವಿರಬೇಕು ಎನ್ನುತ್ತದೆ ಅದು. ನಮ್ಮ ಪಟ್ಟಣಗಳ ಹೊಸ ಬಡಾವಣೆಯ 30×40 ಅಡಿಯ ನಿವೇಶನವನ್ನು ತೆಗೆದುಕೊಳ್ಳಿ. ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆದರೂ 50 ಅಡಿ. ಆ ನಿವೇಶನದಲ್ಲಿ ಬೋರೂ ಇಂಗುಗುಂಡಿಯೂ ಇದ್ದರೆ ಮಾಲೀಕ ಎಷ್ಟೇ ಸಜ್ಜನನಾದರೂ ನಿಯಮ ಪಾಲಿಸಲಾರ. ಪಕ್ಕದ ಮನೆಯ ಬೋರಿನ ಲೆಕ್ಕ ಬೇರೆ. ಹಳೆಯ ಗ್ರಾಮಠಾಣದ ಒತ್ತೊತ್ತು ಮನೆಗಳ ಸ್ಥಿತಿ ಇದಕ್ಕಿಂತ ಬಿಕ್ಕಟ್ಟಿನದು. ಮಣ್ಣು ಸೋಸುತ್ತದೆ ಎಂಬುದೇ ಆ 60 ಅಡಿಯ ಆಧಾರ. ತೆಳು ಕೆಂಪು ಮಣ್ಣಿನ ಕೆಳಗೆ ಬಿರುಕುಬಿಟ್ಟ ಬಂಡೆಯಿರುವ ಕಡೆ ನೀರು ಸೋಸಿಹೋಗುವುದಿಲ್ಲ, ಹರಿದುಹೋಗುತ್ತದೆ. ಚಾಮರಾಜ, ಮಿರ್ಲೆ, ರಾಮಸಮುದ್ರ ಅಣೆಕಟ್ಟೆಗಳ ನಾಲೆ ಬಯಲಿನ ಕೃಷ್ಣರಾಜನಗರದ ಕಡೆ ತೊಂದರೆ ಇನ್ನೊಂದು ಬಗೆ. ಗದ್ದೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ಅಂತರ್ಜಲವೇ ಮೇಲೆದ್ದು ಗುಂಡಿಯ ತಳವನ್ನು ಮುಟ್ಟಬಲ್ಲದು.

ಪರಿಣಾಮಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿ ಭಾಗಗಳನ್ನು ಪಟ್ಟಿ ಮಾಡಿತು. ಕರ್ನಾಟಕದ ಪಾಲಿಗೆ ಬಂದ 17ರಲ್ಲಿ ಹುಣಸೂರಿನಿಂದ ಕಟ್ಟೆಮಳಲವಾಡಿವರೆಗಿನ ಲಕ್ಷ್ಮಣತೀರ್ಥವೂ ಒಂದು. ಅಲ್ಲಿ ಪಟ್ಟಣದ ಚರಂಡಿಯ ಪಾಲೂ ಇರುವಾಗ ಹಳ್ಳಿಯ ಗುಂಡಿಯ ಮೇಲೆ ಎಲ್ಲ ತಪ್ಪನ್ನೂ ಹೊರಿಸಲಾಗದು. ಆದರೆ ಹೊಳೆಯ ಮಲಿನತೆ ಕಣ್ಣಿಗೆ ಕಾಣುತ್ತದೆ, ಬೋರಿನದು ಕಾಣುವುದಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಿದ ನೈಟ್ರೇಟ್ ಹಸುಗೂಸಿಗೆ ಅಪಾಯ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗದು. 2024ರ ಮೇ ತಿಂಗಳಲ್ಲಿ ಮೈಸೂರು ತಾಲ್ಲೂಕಿನ ಕೆ. ಸಾಲುಂಡಿಯಲ್ಲಿ ಕಲುಷಿತ ನೀರು ಕುಡಿದು ಯುವಕನೊಬ್ಬ ಸತ್ತ, ಹತ್ತಾರು ಜನ ಆಸ್ಪತ್ರೆ ಸೇರಿದರು. ಕೊಳೆನೀರು ಮತ್ತು ಕುಡಿಯುವ ನೀರಿನ ನಡುವಿನ ಗೋಡೆ ಎಷ್ಟು ತೆಳುವೆಂದು ಇದಕ್ಕಿಂತ ಸ್ಪಷ್ಟವಾಗಿ ತಿಳಿಯಬೇಕಿಲ್ಲ.

ಹಾಗಾದರೆ ಐವತ್ತು ವರ್ಷ ಕಾಯ್ದೆ ಏನು ಮಾಡುತ್ತಿತ್ತು? ಕಲುಷಿತ ವಸ್ತುವನ್ನು ಹೊಳೆಗೋ ಬಾವಿಗೋ ತಿಳಿದೂ ಸೇರಲು ಬಿಡಬಾರದು ಎಂದು 1974ರ ಕಾಯ್ದೆಯ 24ನೇ ಕಲಂ ಹೇಳುತ್ತದೆ. ಅದರ ವ್ಯಾಖ್ಯೆಯಲ್ಲಿ ಅಂತರ್ಜಲವೂ ಹೊಳೆಯೇ. ಅಕ್ಷರಶಃ ಓದಿದರೆ ಸೋರುವ ಪ್ರತಿಯೊಂದು ಗುಂಡಿಯೂ ಅದರ ವ್ಯಾಪ್ತಿಗೆ ಬರಬಹುದು. ಆದರೆ ಕಾಯ್ದೆಯ ಅನುಮತಿ ವ್ಯವಸ್ಥೆ ಕಾರ್ಖಾನೆಯ ಕೊಳವೆಗೆ, ಪಟ್ಟಣದ ಮೋರಿಗೆ ಹೊಂದಿದ್ದು. ಮನೆಮನೆಯ ಗುಂಡಿಗೆ ಹೊಂದಿದ್ದಲ್ಲ. ಮಲಕೆಸರಿನ ನಿರ್ವಹಣೆಗೆ 2017ರಲ್ಲಿ ರಾಷ್ಟ್ರೀಯ ನೀತಿ ಬಂದರೂ ಅದರ ನೋಟ ನಗರದತ್ತಲೇ ಇತ್ತು. ಸಕ್ಕಿಂಗ್ ಟ್ಯಾಂಕರ್ ಕರೆದು, ಹಣ ಕೊಟ್ಟು, ಗುಂಡಿ ಖಾಲಿ ಮಾಡಿಸಿದ ಮನೆಯವನು ತನ್ನ ಕರ್ತವ್ಯ ಮುಗಿಯಿತೆಂದುಕೊಳ್ಳುತ್ತಾನೆ. ಆ ಟ್ಯಾಂಕರ್ ಕೆರೆಯಂಗಳಕ್ಕೆ ಹೋಯಿತೋ ನಾಲೆಗೆ ಹೋಯಿತೋ ಕೇಳುವವರಿಲ್ಲ. ಇದರ ಮೇಲೆ ಮನೆಮನೆಗೆ ನಲ್ಲಿ ನೀರು ಕೊಡುವ 'ಮನೆ ಮನೆಗೆ ಗಂಗೆ' ಯೋಜನೆ ಬಂದಿದೆ. ತಲೆಗೆ ದಿನಕ್ಕೆ 55 ಲೀಟರ್ ನೀರು ಒಳಬಂದರೆ ಅದರ ಬಹುಪಾಲು ಕೊಳೆಯಾಗಿ ಹೊರಹೋಗಲೇಬೇಕು. ಬರುವ ನೀರಿಗೆ ಮೀಟರ್ ಯೋಚಿಸಿದವರು ಹೋಗುವ ನೀರಿಗೆ ದಾರಿ ಯೋಚಿಸಲಿಲ್ಲ.

ಬೇರೆಡೆಯ ಅನುಭವ ನಮಗೆ ಪಾಠವಾಗಬಲ್ಲದು. ಒಳಚರಂಡಿಯಿಲ್ಲದ ದೇವನಹಳ್ಳಿಯಲ್ಲಿ 2015ರಲ್ಲಿ ದಿನಕ್ಕೆ 6 ಸಾವಿರ ಲೀಟರ್ ಸಾಮರ್ಥ್ಯದ ಮಲಕೆಸರು ಸಂಸ್ಕರಣಾ ಘಟಕ ಶುರುವಾಯಿತು. ಪಟ್ಟಣ ಮಟ್ಟದಲ್ಲಿ ದೇಶಕ್ಕೇ ಮೊದಲಿನದು ಅದು. ಕೆಸರು ನೆಲದ ಇಳಿಜಾರಿನಲ್ಲೇ ಹರಿದು, ಒಣಗಿ, ಗೊಬ್ಬರವಾಗುತ್ತದೆ. ಮಹಾರಾಷ್ಟ್ರದಲ್ಲಿ ಕೃಷ್ಣೆಯ ದಂಡೆಯ ವಾಯಿ ಪಟ್ಟಣ 2018ರಿಂದ ಎಲ್ಲ ಮನೆಗಳ ಟ್ಯಾಂಕುಗಳನ್ನೂ ಮೂರು ವರ್ಷಕ್ಕೊಮ್ಮೆ ಸರದಿಯಂತೆ ಖಾಲಿ ಮಾಡಿಸುವ ಪದ್ಧತಿ ತಂದಿತು. ಮನೆಯವರು ಫೋನ್ ಮಾಡುವವರೆಗೆ ಕಾಯುವುದಿಲ್ಲ. ತೆರಿಗೆಯಲ್ಲೇ ಖರ್ಚು ಸೇರಿದೆ. ಐರ್ಲೆಂಡಿನ ಕಥೆ ಎಚ್ಚರಿಕೆಯದು. ಯುರೋಪಿನ ನ್ಯಾಯಾಲಯ 2009ರಲ್ಲಿ ಛೀಮಾರಿ ಹಾಕಿದ ಮೇಲೆ ಆ ದೇಶ 2012ರಲ್ಲಿ ಪ್ರತಿ ಸೆಪ್ಟಿಕ್ ಟ್ಯಾಂಕಿನ ನೋಂದಣಿ, ಶುಲ್ಕ, ತಪಾಸಣೆಗೆ ಕಾಯ್ದೆ ಮಾಡಿತು. ಹಳ್ಳಿಗರು ಸಿಟ್ಟಿಗೆದ್ದರು. ತಪಾಸಣೆಯಲ್ಲಿ ಅರ್ಧದಷ್ಟು ಟ್ಯಾಂಕುಗಳು ಸೋತವು. ದುರಸ್ತಿಗೆ ಸರ್ಕಾರವೇ ನೆರವು ಕೊಡಬೇಕಾಯಿತು. ನೆರವಿಲ್ಲದ ನಿಯಂತ್ರಣ ಶ್ರೀಮಂತ ದೇಶದಲ್ಲೂ ನಡೆಯಲಿಲ್ಲ.

ಹೀಗಾಗಿ ನಮ್ಮ ನಾಡಿಗೆ ಬೇಕಾದ ನಿಯಂತ್ರಣ ದಂಡದಿಂದ ಶುರುವಾಗಬಾರದು. ಹಿನ್ನೀರಿಗೆ, ಕಾಡಿನ ಯೋಜನೆಗಳಿಗೆ ನೆಲ ಬಿಟ್ಟುಕೊಟ್ಟ ಹೆಗ್ಗಡದೇವನಕೋಟೆಯ ಹಾಡಿಯ ಜೇನುಕುರುಬರ ಮನೆಗೆ, 15 ಸಾವಿರ ರೂಪಾಯಿಯಲ್ಲಿ ಕಟ್ಟಿದ ಗುಂಡಿ ಸರಿಯಿಲ್ಲವೆಂದು ನೋಟಿಸ್ ಅಂಟಿಸುವುದು ಅನ್ಯಾಯ. ಮೊದಲು ಗ್ರಾಮ ಪಂಚಾಯಿತಿ ಮನೆಗಳಿಗಿರುವಂತೆ ಗುಂಡಿಗಳಿಗೂ ದಾಖಲೆ ಪುಸ್ತಕ ಇಡಲಿ: ಯಾವ ಬಗೆಯದು, ಬೋರಿಗೆ ಎಷ್ಟು ದೂರ, ಕೊನೆಯ ಸಲ ಖಾಲಿಯಾದದ್ದು ಯಾವಾಗ. ಎರಡನೆಯದು, ಟ್ಯಾಂಕರ್‌ಗಳಿಗೆ ಪರವಾನಗಿ ಮತ್ತು ಸುರಿದ ಜಾಗದ ರಸೀದಿ ಕಡ್ಡಾಯವಾಗಲಿ. ನಿಯಂತ್ರಿಸಲು ಸಾವಿರಾರು ಮನೆಗಳಿಗಿಂತ ಬೆರಳೆಣಿಕೆಯ ಟ್ಯಾಂಕರ್‌ಗಳು ಸುಲಭ. ಮೂರನೆಯದು, ತಾಲ್ಲೂಕಿಗೆ ಒಂದಾದರೂ ಕೆಸರು ಸಂಸ್ಕರಣಾ ಘಟಕ ಕೆಲಸ ಮಾಡುತ್ತಿರಲಿ. ಸುರಿಯಲು ಜಾಗ ತೋರಿಸದೆ ಕಂಡಲ್ಲಿ ಸುರಿಯಬೇಡಿ ಎನ್ನುವುದರಲ್ಲಿ ಅರ್ಥವಿಲ್ಲ. ನಾಲ್ಕನೆಯದು, ಹೊಸ ಬಡಾವಣೆಗೆ ಮಂಜೂರಾತಿ ಕೊಡುವವರು ಮನೆಗೊಂದು ಗುಂಡಿಯ ಬದಲು ಇಡೀ ಬಡಾವಣೆಗೆ ಒಂದು ಸಾಮೂಹಿಕ ವ್ಯವಸ್ಥೆ ಕೇಳಲಿ.

ಖರ್ಚು ಯಾರದು? ಸ್ವಚ್ಛ ಭಾರತದ ಎರಡನೇ ಹಂತದಲ್ಲಿ ಮಲಕೆಸರಿನ ನಿರ್ವಹಣೆಗೆ ತಲೆಗೆ 230 ರೂಪಾಯಿವರೆಗೆ ಅವಕಾಶವಿತ್ತು. ಅದು ಬೀಜದ ದುಡ್ಡಾಗಬಹುದು, ವರ್ಷವರ್ಷದ ನಿರ್ವಹಣೆಗೆ ಸಾಲದು. ಈ ನೀರನ್ನು ಕುಡಿಯುವವರು ಮೈಸೂರು, ಬೆಂಗಳೂರಿನಲ್ಲಿದ್ದಾರೆ. ಅವರ ನೀರಿನ ಬಿಲ್ಲಿನ ಒಂದು ಸಣ್ಣ ಪಾಲು ಮೇಲ್ದಂಡೆಯ ಪಂಚಾಯಿತಿಗಳ ಗುಂಡಿ ಖಾಲಿ ಮಾಡಿಸಲು ಬರಬೇಕು. ಇದನ್ನು ಉಪಕಾರವೆಂದು ಕೇಳಬೇಕಾಗಿಲ್ಲ. ಕೆಳದಂಡೆಯಲ್ಲಿ ನೀರು ಶುದ್ಧಮಾಡುವ ವೆಚ್ಚದ ಒಂದು ಭಾಗವನ್ನು ಮೊದಲೇ, ಮೂಲದಲ್ಲೇ ತೆರುವ ಲೆಕ್ಕ ಇದು.

ಐವತ್ತು ವರ್ಷದ ಲೆಕ್ಕ ಹೀಗಿದೆ: ಅಣೆಕಟ್ಟೆ ನಿಂತಿದೆ, ಕೊಳವೆ ಹರಿದಿದೆ, ಶೌಚಾಲಯ ಎದ್ದಿದೆ; ಗುಂಡಿಗೆ ಮಾತ್ರ ಹೊಣೆಗಾರರಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ದೀಪ, ಮನೆಯ ಬೇಡಿಕೆಗಳ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಓದುಗರು ಎದ್ದು ನಿಂತು ಕೇಳಲಿ: ನಮ್ಮ ಊರಿನ ಗುಂಡಿಗಳ ಪಟ್ಟಿ ಎಲ್ಲಿದೆ, ಅದನ್ನು ಎಂದು ಮಾಡುತ್ತೀರಿ? ಉತ್ತರ ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಕೂರಬಾರದು.