ಜೇಬಿನೊಳಗಿನ ಪಿಸ್ತೂಲು

1865ನೆಯ ಇಸವಿ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್ನಿನ ಫೋರ್ಡ್ ನಾಟಕಶಾಲೆಯಲ್ಲಿ ಅಧ್ಯಕ್ಷ ಲಿಂಕನ್ನರ ಬೆನ್ನ ಹಿಂದೆ ಬಂದು ನಿಂತ ಜಾನ್ ವಿಲ್ಕ್ಸ್ ಬೂತ್ ಎಂಬ ನಟನ ಕೈಯಲ್ಲಿದ್ದುದು, ಆರು ಅಂಗುಲವನ್ನು ಮೀರದ, ಒಂದೇ ಗುಂಡು ಹಿಡಿಯುವ ಸಣ್ಣ ಪಿಸ್ತೂಲು. ಫಿಲಡೆಲ್ಫಿಯದ ಹೆನ್ರಿ ಡೆರಿಂಜರನೆಂಬ ಕುಶಲಿಯ ಕೈಕೆಲಸವದು. ಅಂಗೈಯಲ್ಲಿ ಅಡಗುವ ಆಯುಧಗಳಿಗೆಲ್ಲ ಮುಂದೆ ಅವನ ಹೆಸರೇ ನಿಂತಿತು. ಆಯುಧವಿದ್ದವನು ಅದನ್ನು ನಾಲ್ಕು ಜನ ಕಾಣುವಂತೆ ಸೊಂಟಕ್ಕೆ ಕಟ್ಟಿಕೊಳ್ಳಬೇಕು, ಬಚ್ಚಿಟ್ಟುಕೊಳ್ಳುವವನು ಹೇಡಿ ಅಥವಾ ಘಾತುಕ ಎಂಬ ಭಾವನೆ ಆ ಕಾಲದ ಅಮೆರಿಕನರಲ್ಲಿ ಬಲವಾಗಿತ್ತು. ಇಂದು ಅದೇ ದೇಶದಲ್ಲಿ ಆಸ್ಪತ್ರೆಯ ದಾದಿ, ಲಾರಿಯ ಚಾಲಕ, ನಿವೃತ್ತ ಉಪಾಧ್ಯಾಯ ಮೊದಲಾದ ಸಾಮಾನ್ಯ ಸಂಸಾರಸ್ಥರು, ಯಾವ ಪಿಸ್ತೂಲು ಅಗ್ಗ, ಯಾವುದು ಹಗುರ, ಯಾವುದನ್ನು ಸಿಕ್ಕಿಸಿಕೊಂಡರೆ ಅಂಗಿಯ ಮೇಲೆ ಉಬ್ಬು ಕಾಣಿಸದು ಎಂದು, ನಮ್ಮಲ್ಲಿ ಹೊಲಿಗೆಯಂತ್ರ ಕೊಳ್ಳುವವರು ವಿಚಾರಿಸುವಂತೆ, ಒಬ್ಬರನ್ನೊಬ್ಬರು ವಿಚಾರಿಸುತ್ತಾರೆ. ಒಂದು ಜನಾಂಗದ ಮನಸ್ಸು ಇಷ್ಟು ದೂರ ಸಾಗಿ ಬಂದುದು ಹೇಗೆಂಬುದು ಯೋಚಿಸತಕ್ಕ ವಿಷಯ.

ಅಮೆರಿಕದ ರಾಜ್ಯಾಂಗಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿಯೇ ಇದಕ್ಕೆಲ್ಲ ಮೂಲವೆಂದು ಹೇಳುವುದುಂಟು. ಅದು ಅರ್ಧ ಸತ್ಯ ಮಾತ್ರ. ಆ ತಿದ್ದುಪಡಿ ಬಂದು ಇಪ್ಪತ್ತೆರಡು ವರ್ಷಗಳಾಗುವಷ್ಟರಲ್ಲಿ, 1813ರಲ್ಲಿ, ಕೆಂಟಕಿ ಮತ್ತು ಲೂಸಿಯಾನ ಸಂಸ್ಥಾನಗಳು ಆಯುಧವನ್ನು ಮರೆಮಾಡಿ ಒಯ್ಯುವುದನ್ನು ನಿಷೇಧಿಸಿದುವು. ಸಿನಿಮಾಗಳಲ್ಲಿ ಹೆಜ್ಜೆಗೊಂದು ಗುಂಡು ಹಾರುವ ಪಶ್ಚಿಮದ ಊರುಗಳಲ್ಲಿಯೂ ವಸ್ತುಸ್ಥಿತಿ ಬೇರೆಯಾಗಿತ್ತು. ಅರಿಜೋನದ ಟೂಮ್‌ಸ್ಟೋನ್ ಪಟ್ಟಣದೊಳಗೆ ಆಯುಧ ಧರಿಸಿ ತಿರುಗಕೂಡದೆಂಬ ಪುರಸಭೆಯ ಕಟ್ಟಳೆಯಿತ್ತು. 1881ರ ಅಕ್ಟೋಬರ್ 26ರಂದು ಓ.ಕೆ. ಕರಾಲ್ ಬಳಿ ನಡೆದ ಪ್ರಸಿದ್ಧ ಕಾಳಗ ಹೊತ್ತಿಕೊಂಡುದು ಆ ಕಟ್ಟಳೆಯನ್ನು ನಡೆಸಲು ಹೋದಾಗಲೇ.

ಗಾಳಿ ತಿರುಗಿದ್ದು ಈಚೆಗೆ. 1987ರಲ್ಲಿ ಫ್ಲಾರಿಡ, ನಿಯಮಿತ ಅರ್ಹತೆಯುಳ್ಳ ಯಾರಿಗೇ ಆಗಲಿ ಪರವಾನೆ ಕೊಡಲೇಬೇಕೆಂದು ಕಾನೂನು ಮಾಡಿತು. ಒಂದಾದ ಮೇಲೊಂದು ಸಂಸ್ಥಾನ ಅದನ್ನು ಅನುಸರಿಸಿತು. 2013ರಲ್ಲಿ ಇಲಿನಾಯ್ ಕೂಡ ಸೇರಿಕೊಂಡಿತು. 2022ರ ಜೂನ್ 23ರಂದು ಸರ್ವೋಚ್ಚ ನ್ಯಾಯಾಲಯ, ಬ್ರೂಯೆನ್ ಮೊಕದ್ದಮೆಯಲ್ಲಿ, ಅರ್ಜಿದಾರನು ತನಗೆ ವಿಶೇಷ ಕಾರಣವುಂಟೆಂದು ತೋರಿಸಬೇಕೆನ್ನುತ್ತಿದ್ದ ನ್ಯೂಯಾರ್ಕಿನ ಹಳೆಯ ಕಾನೂನನ್ನು ಆರಕ್ಕೆ ಮೂರರ ಬಹುಮತದಿಂದ ತಳ್ಳಿಹಾಕಿತು. 2024ರ ಹೊತ್ತಿಗೆ ಐವತ್ತು ಸಂಸ್ಥಾನಗಳಲ್ಲಿ ಇಪ್ಪತ್ತೊಂಬತ್ತು, ಪರವಾನೆಯ ಆವಶ್ಯಕತೆಯನ್ನೇ ತೆಗೆದುಹಾಕಿದ್ದುವು. ಅದೇ ವರ್ಷ ರಹಿಮಿ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ, ಮನೆಯವರ ಮೇಲೆ ಹಿಂಸೆಯೆಸಗುವನೆಂದು ನ್ಯಾಯಾಲಯದ ತಡೆಯಾಜ್ಞೆಗೆ ಒಳಗಾದವನಿಂದ ಆಯುಧವನ್ನು ದೂರವಿಡಬಹುದೆಂದು ಹೇಳಿ, ಒಂದು ಗಡಿಯನ್ನಂತೂ ಗುರುತಿಸಿತು.

ಕಾನೂನು ಬಾಗಿಲು ತೆರೆದರೆ ವ್ಯಾಪಾರ ಒಳಗೆ ಬರಲೇಬೇಕು. ಇಲ್ಲಿಯ ವಿನೋದವೇನೆಂದರೆ, ಬಾಗಿಲು ಮುಚ್ಚಿದಾಗಲೂ ಅದು ಕಿಟಕಿಯಿಂದ ಬಂದಿದೆ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿಯವರ ಕೊಲೆಗಳಾದ ಬಳಿಕ, ಅಗ್ಗದ ಸಣ್ಣ ಪಿಸ್ತೂಲುಗಳ ಆಮದನ್ನು ಕಾಂಗ್ರೆಸ್ಸು ತಡೆಯಿತು. ಉದ್ದ, ಎತ್ತರ, ತೂಕಗಳಿಗೆಲ್ಲ ಅಂಕಗಳನ್ನು ಗೊತ್ತುಮಾಡಿ, ಅಂಕ ಸಾಲದ ಆಯುಧ ಬಂದರಿನಲ್ಲೇ ನಿಲ್ಲುವಂತೆ ಮಾಡಲಾಯಿತು. ಆದರೆ ಆ ನಿಯಮ ದೇಶದೊಳಗಿನ ತಯಾರಿಕೆಗೆ ಅನ್ವಯಿಸಲಿಲ್ಲ. ಪರಿಣಾಮವಾಗಿ ಲಾಸ್ ಏಂಜಲೀಸ್ ನಗರದ ಸುತ್ತಮುತ್ತ ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು ಪಿಸ್ತೂಲು ತೆಗೆಯುವ ಕಾರ್ಖಾನೆಗಳು ಎದ್ದುವು. ಬಡವರ ಕೇರಿಗಳಲ್ಲಿ ಅಲ್ಪ ಬೆಲೆಗೆ ಮಾರಿದ ಈ ಸರಕಿಗೆ ‘ಶನಿವಾರ ರಾತ್ರಿಯ ಪಿಸ್ತೂಲು’ ಎಂಬ ಹೀನಾಯದ ಹೆಸರು ಅಂಟಿತು. 1994ರಲ್ಲಿ ಮತ್ತೊಂದು ಕಾನೂನು ಬಂದು, ತೋಟಾಪೆಟ್ಟಿಗೆಯಲ್ಲಿ ಹತ್ತಕ್ಕಿಂತ ಹೆಚ್ಚು ತೋಟಾಗಳಿರಕೂಡದೆಂದು ವಿಧಿಸಿತು. ಹತ್ತೇ ತೋಟಾ ಇರುವುದಾದರೆ ದೊಡ್ಡ ಪಿಸ್ತೂಲಾದರೂ ಏಕೆ ಎಂದುಕೊಂಡ ಕಂಪೆನಿಗಳು, ಬಲವಾದ ಗುಂಡನ್ನೇ ಸಣ್ಣ ಚೌಕಟ್ಟಿನಲ್ಲಿ ಅಡಗಿಸುವ ವಿದ್ಯೆಯನ್ನು ಕಲಿತುವು. ಆ ಕಾನೂನು 2004ರಲ್ಲಿ ಗತಿಸಿತು. ವಿದ್ಯೆ ಮಾತ್ರ ಉಳಿಯಿತು.

2008ರಲ್ಲಿ ರೂಗರ್ ಕಂಪೆನಿ ಎಲ್.ಸಿ.ಪಿ. ಎಂಬ ಜೇಬುಪಿಸ್ತೂಲನ್ನು ಮಾರುಕಟ್ಟೆಗೆ ತಂದಿತು. ಅದರ ತೂಕ ಸುಮಾರು 270 ಗ್ರಾಂ. 2018ರಲ್ಲಿ ಬಂದ ಸಿಗ್ ಕಂಪೆನಿಯ ಪಿ-365, ಸುಮಾರು ಅರ್ಧ ಕಿಲೋ ತೂಕದೊಳಗೆ 9 ಮಿಲಿಮೀಟರಿನ ಹತ್ತು ತೋಟಾಗಳನ್ನು ಅಡಗಿಸಿ ಸ್ಪರ್ಧಿಗಳನ್ನೆಲ್ಲ ಎಚ್ಚರಿಸಿತು. ಇಂಥದಕ್ಕೆ ಐನೂರು ಡಾಲರಿನ ಆಚೀಚೆ ತೆರಬೇಕಾದರೆ, ಬ್ರೆಜಿಲ್ ಮೂಲದ ಟಾರಸ್ ಕಂಪೆನಿಯ ಜಿ-3ಸಿಯಂಥವು ಅದರ ಅರ್ಧದಷ್ಟು ಬೆಲೆಗೇ ದೊರೆಯುತ್ತವೆ.

ಕೊಂಡವರು ಏನೆನ್ನುತ್ತಾರೆ? ಅವರ ಮಾತುಗಳಲ್ಲಿ ವಿವೇಕವಿಲ್ಲವೆಂದು ತಳ್ಳಿಹಾಕುವವರು ಅವನ್ನು ಕಿವಿಗೊಟ್ಟು ಕೇಳಿದವರಲ್ಲ. ಮನೆಯ ಪೆಟ್ಟಿಗೆಯಲ್ಲಿ ಬಿದ್ದಿರುವ ದೊಡ್ಡ ಪಿಸ್ತೂಲಿಗಿಂತ ಜೇಬಿನಲ್ಲಿರುವ ಸಣ್ಣದೇ ಲೇಸೆಂಬುದು ಅವರೆಲ್ಲರ ಮೊದಲ ಸೂತ್ರ. ಒಯ್ಯಲು ಸುಲಭವಾದದ್ದು ಹಾರಿಸಲು ಕಷ್ಟವೆಂಬುದು ಎರಡನೆಯದು. ತೂಕ ಕಡಿಮೆಯಾದಷ್ಟೂ ಒದೆತ ಹೆಚ್ಚು. ಹಿಡಿ ಗಿಡ್ಡವಾದುದರಿಂದ ಕಿರುಬೆರಳಿಗೆ ಆಧಾರವಿಲ್ಲ. ನಳಿಕೆ ಮೋಟಾದುದರಿಂದ ಗುರಿಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಗುಂಡು ಮೊಳದಷ್ಟು ದೂರ ಹೋಗುತ್ತದೆ. ವಯಸ್ಸಾದವರಿಗೆ, ಕೀಲುನೋವಿನವರಿಗೆ, ಸಣ್ಣ ಪಿಸ್ತೂಲಿನ ಬಿಗಿಯಾದ ಸ್ಪ್ರಿಂಗನ್ನು ಹಿಂದಕ್ಕೆಳೆದು ಮೊದಲ ತೋಟಾ ಏರಿಸುವುದೇ ಸಾಹಸ. ಬೇಸಗೆಯ ಬೆವರಿಗೆ ಉಕ್ಕು ತುಕ್ಕು ಹಿಡಿಯುತ್ತದೆ. ಜೇಬಿನ ಧೂಳು, ನೂಲು ಒಳಗೆ ಸೇರುತ್ತವೆ. ಬೆಲೆ ಅಗ್ಗವಾದರೂ ನೂರಾರು ಗುಂಡು ಹಾರಿಸಿ, ಎಲ್ಲಿಯೂ ಸಿಕ್ಕಿಕೊಳ್ಳದೆಂದು ಖಚಿತವಾಗುವವರೆಗೆ ಪ್ರಾಣವನ್ನು ಅದಕ್ಕೊಪ್ಪಿಸಬಾರದೆಂದೂ, ಆ ನೂರಾರು ಗುಂಡುಗಳ ಖರ್ಚು ಸೇರಿದರೆ ಅಗ್ಗವೆಂಬುದು ಅಷ್ಟೇನೂ ಅಗ್ಗವಲ್ಲವೆಂದೂ ಅನುಭವಿಗಳು ಎಚ್ಚರಿಸುತ್ತಾರೆ. ಪಿಸ್ತೂಲಿನಲ್ಲಿ ಉಳಿಸಿದ ಹಣವನ್ನು ಒಳ್ಳೆಯ ಒರೆಗೆ ಹಾಕು, ಟ್ರಿಗರನ್ನು ಪೂರ್ತಿ ಮುಚ್ಚದ ಒರೆಯಲ್ಲಿ ಅದನ್ನಿಡಬೇಡ ಎನ್ನುವುದು ಅವರ ಮತ್ತೊಂದು ಉಪದೇಶ. ಈ ಭಯ ನಿರಾಧಾರವಲ್ಲ. ಕೆಳಗೆ ಬಿದ್ದರೆ ತಾನಾಗಿಯೇ ಹಾರಬಹುದೆಂಬ ಕಾರಣಕ್ಕೆ ಹೆಸರಾಂತ ತಯಾರಕರೂ ತಮ್ಮ ಸಣ್ಣ ಪಿಸ್ತೂಲುಗಳನ್ನು ಗಿರಾಕಿಗಳಿಂದ ಹಿಂದಕ್ಕೆ ಕರೆಸಿ ದುರಸ್ತಿಮಾಡಿಕೊಟ್ಟುದುಂಟು.

ಅಗ್ಗದ ಪಿಸ್ತೂಲಿನ ಪರವಾಗಿ ಇನ್ನೊಂದು ವಾದವಿದೆ. ಅದು ತೂಕವುಳ್ಳ ವಾದ. ಶ್ರೀಮಂತನು ಕಾವಲುಗಾರನನ್ನಿಟ್ಟುಕೊಳ್ಳುತ್ತಾನೆ, ಒಳ್ಳೆಯ ಬೀದಿಯಲ್ಲಿ ಮನೆ ಮಾಡುತ್ತಾನೆ. ರಾತ್ರಿಪಾಳಿ ಮುಗಿಸಿ ಕೆಟ್ಟ ಕೇರಿಯ ಬಸ್ ನಿಲ್ದಾಣದಲ್ಲಿ ಒಬ್ಬಳೇ ನಿಲ್ಲುವ ಹೆಂಗಸಿಗೆ ಯಾರು ಗತಿ? ಕೆಲವು ಸಂಸ್ಥಾನಗಳು, ಇಂತಿಷ್ಟು ಶಾಖಕ್ಕೆ ಕರಗುವ ಲೋಹದ ಪಿಸ್ತೂಲನ್ನು ಮಾರಕೂಡದೆಂದು ವಿಧಿಸಿದಾಗ, ಅದು ಬಡವರನ್ನೇ ನಿರಾಯುಧರನ್ನಾಗಿ ಮಾಡುವ ಉಪಾಯವೆಂಬ ಆಕ್ಷೇಪಣೆ ಬಂದಿತು. ಅಧಿಕಾರಿಯ ವಿವೇಚನೆಗೆ ಬಿಟ್ಟ ಪರವಾನೆ ಎಂಥದೆಂಬುದಕ್ಕೆ ಚರಿತ್ರೆಯಲ್ಲೇ ಸಾಕ್ಷಿಯಿದೆ. 1956ರಲ್ಲಿ ಮಾಂಟ್‌ಗಾಮರಿಯಲ್ಲಿ ತಮ್ಮ ಮನೆಯ ಮೇಲೆ ಬಾಂಬು ಬಿದ್ದ ಬಳಿಕ ಪಿಸ್ತೂಲಿನ ಪರವಾನೆಗೆ ಅರ್ಜಿ ಹಾಕಿ, ಇಲ್ಲವೆನ್ನಿಸಿಕೊಂಡವರು ಮಾರ್ಟಿನ್ ಲೂಥರ್ ಕಿಂಗರು. ಅಹಿಂಸೆಯ ದಾರಿಯಲ್ಲಿ ಅವರು ಪೂರ್ಣವಾಗಿ ನೆಲೆನಿಂತುದು ಆಮೇಲೆ. 1991ರ ಅಕ್ಟೋಬರ್ 16ರಂದು ಟೆಕ್ಸಾಸಿನ ಕಿಲೀನ್ ಊರಿನ ಊಟದ ಮನೆಯೊಂದರಲ್ಲಿ ಒಬ್ಬ ಹಂತಕನು ಇಪ್ಪತ್ತಮೂರು ಜನರನ್ನು ಕೊಂದಾಗ, ಕಾನೂನಿಗೆ ಅಂಜಿ ತನ್ನ ಪಿಸ್ತೂಲನ್ನು ಕಾರಿನಲ್ಲಿಯೇ ಬಿಟ್ಟು ಬಂದಿದ್ದ ಸುಜಾನ ಹಪ್, ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡಳು. ಆಕೆಯ ಸಾಕ್ಷ್ಯ 1995ರಲ್ಲಿ ಟೆಕ್ಸಾಸಿನ ಕಾನೂನನ್ನೇ ಬದಲಾಯಿಸಲು ನೆರವಾಯಿತು. ಆ ದುಃಖಕ್ಕೆ ಉತ್ತರ ಹೇಳುವುದು ಸುಲಭವಲ್ಲ.

ಆದರೆ ದುಃಖ ಒಂದೇ ಮಗ್ಗುಲಿನದಲ್ಲ. 2014ರ ಡಿಸೆಂಬರಿನಲ್ಲಿ ಐಡಾಹೊ ಸಂಸ್ಥಾನದ ಅಂಗಡಿಯೊಂದರಲ್ಲಿ, ಎರಡು ವರ್ಷದ ಮಗು ತಾಯಿಯ ಕೈಚೀಲದೊಳಗೆ ಕೈಹಾಕಿತು. ಪಿಸ್ತೂಲು ಹಾರಿತು, ತಾಯಿ ಅಲ್ಲಿಯೇ ಸತ್ತಳು. ಆಕೆ ಪರವಾನೆ ಪಡೆದವಳು, ಆಯುಧದ ಪರಿಚಯವಿದ್ದವಳು.

ಇವೆರಡು ಘಟನೆಗಳನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗಲಾಗದು, ಅಂಕಿಗಳನ್ನು ನೋಡಬೇಕು. 2023ರಲ್ಲಿ ಅಮೆರಿಕದಲ್ಲಿ ಬಂದೂಕು ಪಿಸ್ತೂಲುಗಳಿಂದ ಸತ್ತವರು 46,728 ಜನ. ಅವರಲ್ಲಿ ಸುಮಾರು 27,300 ಜನ ತಮ್ಮನ್ನು ತಾವೇ ಕೊಂದುಕೊಂಡವರು. ಅದೇ ವರ್ಷ ಪ್ಯೂ ಸಂಶೋಧನ ಸಂಸ್ಥೆ ವಿಚಾರಿಸಿದಾಗ, ಆಯುಧವುಳ್ಳವರಲ್ಲಿ ನೂರಕ್ಕೆ 72 ಜನ ಆತ್ಮರಕ್ಷಣೆಯೇ ತಮ್ಮ ಮುಖ್ಯ ಉದ್ದೇಶಗಳಲ್ಲೊಂದೆಂದರು. ಕಳ್ಳನ ಭಯದಿಂದ ಪಿಸ್ತೂಲು ಕೊಂಡವನ ಮನೆಯಲ್ಲಿ, ಕಳ್ಳನು ಬಾರದ ಸಾವಿರ ರಾತ್ರಿಗಳಲ್ಲಿ ಯಾವುದೋ ಒಂದು ರಾತ್ರಿ ಮನಸ್ಸು ಕುಗ್ಗಬಹುದು, ಜಗಳವಾಗಬಹುದು, ಕುಡಿತ ವಿವೇಕವನ್ನು ಮೀರಬಹುದು. ಆ ರಾತ್ರಿ ಅದು ಕೈಗೆಟಕುವಷ್ಟು ಹತ್ತಿರದಲ್ಲೇ ಇರುತ್ತದೆ. ಒಯ್ಯಲು ಸುಲಭವಾಗಿರಲಿ ಎಂದು ಹುಡುಕಿ ಆರಿಸಿದ ಗುಣವೇ ಆಗ ಮುಳುವಾಗುತ್ತದೆ.

ಬಚ್ಚಿಟ್ಟ ಪಿಸ್ತೂಲುಗಳು ಹೆಚ್ಚಿದಷ್ಟೂ ಅಪರಾಧಿಗಳು ಅಂಜುತ್ತಾರೆಂದು ಅರ್ಥಶಾಸ್ತ್ರಜ್ಞ ಜಾನ್ ಲಾಟ್ 1998ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವಾದಿಸಿದನು. 2004ರಲ್ಲಿ ಅಲ್ಲಿಯ ರಾಷ್ಟ್ರೀಯ ಸಂಶೋಧನ ಮಂಡಲಿಯ ಸಮಿತಿ ಅದನ್ನು ಪರಿಶೀಲಿಸಿ, ಆ ತೀರ್ಮಾನಕ್ಕೆ ಆಧಾರ ಸಾಲದೆಂದಿತು. ಈಚಿನ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ರ‍್ಯಾಂಡ್ ಸಂಸ್ಥೆ, ಪರವಾನೆಯನ್ನು ಸಡಿಲಗೊಳಿಸಿದಲ್ಲಿ ಕೊಲೆಗಳು ಹೆಚ್ಚುವುದಕ್ಕೇ ಪುಷ್ಟಿ ದೊರೆಯುತ್ತದೆಂದು ಅಭಿಪ್ರಾಯಪಟ್ಟಿದೆ.

ನಮ್ಮ ದೇಶದ ದಾರಿ ಬೇರೆ. 1959ರ ಆಯುಧಗಳ ಕಾನೂನಿನಲ್ಲಿ ಪಿಸ್ತೂಲು ಹಕ್ಕಲ್ಲ. ತಕ್ಕ ಕಾರಣ ತೋರಿಸಿ ಪಡೆಯಬೇಕಾದ ಅನುಮತಿ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ‘ನಿರ್ಭೀಕ್’ ಎಂಬ 500 ಗ್ರಾಂ ತೂಕದ ರಿವಾಲ್ವರನ್ನು ಮಹಿಳೆಯರಿಗೆಂದೇ ಹೊರತಂದಾಗ ಅದರ ಬೆಲೆ ಒಂದು ಲಕ್ಷದ ಇಪ್ಪತ್ತು ಸಾವಿರ ರೂಪಾಯಿಗಳನ್ನು ಮೀರಿತ್ತು. ದೆಹಲಿಯ ಬಸ್ಸಿನಲ್ಲಿ ನೊಂದ ಹೆಣ್ಣುಮಗಳ ನೆನಪನ್ನು ಹೊತ್ತ ಆ ಹೆಸರಿನ ವಸ್ತು, ರಾತ್ರಿ ಬಸ್ಸಿನಲ್ಲಿ ಓಡಾಡುವ ಹೆಣ್ಣುಮಕ್ಕಳ ಕೈಗೆ ಎಟಕುವಂತಿರಲಿಲ್ಲ. ಕಾನೂನು ಬಿಗಿಯಾದ ಮಾತ್ರಕ್ಕೆ ನಾವು ನಿಶ್ಚಿಂತರೆಂದೂ ಅಲ್ಲ. 1948ರ ಜನವರಿ 30ರಂದು ಗಾಂಧೀಜಿಯ ಎದೆಗೆ ಗುಂಡು ಹೊಡೆದುದು ಬಟ್ಟೆಯೊಳಗೆ ಅಡಗುವ ಇಟಲಿಯ ಬೆರೆಟ್ಟ ಪಿಸ್ತೂಲು. 2015ರಲ್ಲಿ ಧಾರವಾಡದ ಎಂ. ಎಂ. ಕಲಬುರ್ಗಿಯವರನ್ನೂ 2017ರಲ್ಲಿ ಬೆಂಗಳೂರಿನ ಗೌರಿ ಲಂಕೇಶರನ್ನೂ ಅವರವರ ಮನೆಯ ಬಾಗಿಲಲ್ಲೇ ಕೊಂದುದು ನಾಡಪಿಸ್ತೂಲು.

ಕೊಡಗಿನಲ್ಲಿ ಮತ್ತೊಂದು ಚಿತ್ರ ಕಾಣುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸಿನ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ನಮ್ಮ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೋವಿ ಗೋಡೆಯ ಮೇಲೆ ಎಲ್ಲರ ಕಣ್ಣೆದುರಿಗಿರುತ್ತದೆ. ಕೈಲ್‌ಪೊಳ್ದಿನಂದು ಅದಕ್ಕೆ ಹೂವಿಟ್ಟು ಪೂಜಿಸುತ್ತಾರೆ. ಹುಟ್ಟು ಸಾವುಗಳನ್ನು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ಅದು ಮನೆತನದ ಸ್ವತ್ತು. ಅದರ ಗೌರವಕ್ಕೆ ಊರೇ ಹೊಣೆ.

ಜೇಬುಪಿಸ್ತೂಲಿಗೆ ಅಂಥ ಊರಿಲ್ಲ. ಅದು ಇದೆಯೆಂಬುದು ಪಕ್ಕದಲ್ಲಿ ಕುಳಿತವನಿಗೆ ತಿಳಿಯದು. ಅಮೆರಿಕದ ಗಿರಾಕಿಯ ವಿಮರ್ಶೆ ತನ್ನಷ್ಟಕ್ಕೆ ಪ್ರಾಮಾಣಿಕವಾದುದು. ಬೆಲೆ, ತೂಕ, ಒದೆತ, ಭರವಸೆ ಎಲ್ಲವನ್ನೂ ಆತನು ಅಳೆಯುತ್ತಾನೆ. ಆದರೆ ತಾನು ಕೊಂಡುದನ್ನೇ ಬಸ್ಸಿನಲ್ಲಿರುವ ನಲವತ್ತು ಮಂದಿಯೂ ಕೊಂಡರೆ ಆ ಬಸ್ಸು ಎಂಥದಾದೀತೆಂಬುದು ಒಬ್ಬ ಗಿರಾಕಿಯ ಅಳತೆಗೆ ಸಿಕ್ಕುವುದಲ್ಲ. ಮಡಿಲಲ್ಲಿ ಕೆಂಡ ಕಟ್ಟಿಕೊಂಡು ನಡೆಯುವವನನ್ನು ನಿಂದಿಸುವ ಮೊದಲು, ಅವನಿಗೆ ಅಷ್ಟು ಚಳಿ ಏಕಾಯಿತೆಂದು ಕೇಳಬೇಕು. ಬೀದಿಯ ದೀಪ, ಹೊತ್ತಿಗೆ ಬರುವ ಬಸ್ಸು, ಕರೆದರೆ ಓಗೊಡುವ ಪೋಲೀಸು, ಅಳಲನ್ನು ಕೇಳುವ ನೆರೆಹೊರೆ, ಇವು ಇಲ್ಲದ ಕಡೆ ಮುನ್ನೂರು ಡಾಲರಿನ ಭರವಸೆಗೆ ಗಿರಾಕಿ ಇದ್ದೇ ಇರುತ್ತಾನೆ. ಈ ಮಾತು ಅಮೆರಿಕಕ್ಕೆ ಸಲ್ಲುವಷ್ಟೇ ನಮಗೂ ಸಲ್ಲುತ್ತದೆ.